ಹಿತ್ತಿಲ ಒಲೆಯ ಬಾಂಬೆ ಟೋಸ್ಟ್

ನಾದಿನಿಗೆ ಟೈಫಾಯಿಡ್ ಬಂದಾಗ ನಾವು ರಾಜಾಜಿನಗರದ ಒಂದು ಸಾಲುಮನೆಯಲ್ಲಿದ್ದೆವು. ಐವತ್ತರ ದಶಕದ ನಡುವಿನ ಮಾತು. ಬಡಾವಣೆ ಅನ್ನೋದು ಹೆಸರಿಗೆ ಮಾತ್ರ. ಮನೆಗಳ ಸಾಲು ಮುಗಿದ ಕೂಡಲೇ ರಾಗಿ ಹೊಲ ಶುರುವಾಗುತ್ತಿತ್ತು. ಯಜಮಾನರು ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದರು. ಮನೆಯಲ್ಲಿ ನಾವು ನಾಲ್ಕೇ ಜನ: ನಾವಿಬ್ಬರು, ಅತ್ತೆ, ಮತ್ತು ಹೈಸ್ಕೂಲು ಓದುತ್ತಿದ್ದ ನಾದಿನಿ. ಮಾವನವರು ನಾನು ಆ ಮನೆ ಸೇರುವ ಮೊದಲೇ ತೀರಿಕೊಂಡಿದ್ದರು.

ಜ್ವರ ಬಿಡುವಷ್ಟರಲ್ಲಿ ಹುಡುಗಿ ಹಾಸಿಗೆಗೆ ಅಂಟಿಹೋಗಿದ್ದಳು. ಹೊಸದಾಗಿ ಬಂದಿದ್ದ ಮಾತ್ರೆಯಿಂದ ಜ್ವರವೇನೋ ಇಳಿಯಿತು, ಆದರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಎಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಜಡೆ ಹಾಕಲು ಎತ್ತಿ ಕೂರಿಸಿದರೆ ಬೆನ್ನಿನ ಮೂಳೆ ನನ್ನ ಎದೆಗೆ ಒತ್ತುತ್ತಿತ್ತು. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ ಹೇಳಿದರು:

"ಇನ್ನು ಬರೀ ಗಂಜಿ ಸಾಲದು. ಹಾಲು, ಬ್ರೆಡ್ಡು, ಮೊಟ್ಟೆ ಶುರು ಮಾಡಿ. ಇಲ್ದಿದ್ರೆ ಕಾಯಿಲೆ ಹೋದ್ರೂ ಮಗು ಏಳೋದಿಲ್ಲ."

ಬ್ರೆಡ್ಡಿಗೆ ಯಾರ ತಕರಾರೂ ಇರಲಿಲ್ಲ. ಆಗ ನಮ್ಮಂಥವರ ಮನೆಗೆ ಬ್ರೆಡ್ಡು ಬಂತೆಂದರೆ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ. ಮೊಟ್ಟೆ ಮಾತ್ರ ನಮ್ಮ ಹೊಸಿಲು ದಾಟಿದ್ದೇ ಇಲ್ಲ. ಡಾಕ್ಟರು ಹೋದ ಮೇಲೆ ಅತ್ತೆ ಕಂಬಕ್ಕೆ ಒರಗಿ ಬಹಳ ಹೊತ್ತು ಕೂತರು. ಕೊನೆಗೆ ಮಗನ ಕಡೆ ನೋಡದೆ ಹೇಳಿದರು:

"ನನ್ನ ಒಲೆ ಮೇಲೆ ಬೇಡ. ನನ್ನ ಪಾತ್ರೆ ಮುಟ್ಟಬೇಡಿ. ಹಿತ್ತಿಲಲ್ಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ಇಷ್ಟು ಬೇಗ ಗಟ್ಟಿ ಪದಾರ್ಥ ಕೊಟ್ಟು ಮಗೂಗೆ ಏನಾದ್ರೂ ಆದ್ರೆ ನನ್ನನ್ನ ಕೇಳ್ಬೇಡಿ."

"ಡಾಕ್ಟ್ರೇ ಹೇಳಿದಾರಲ್ಲಮ್ಮ," ಎಂದರು ಇವರು.

"ಡಾಕ್ಟ್ರು ಹೇಳಿ ಹೋಗ್ತಾರೆ. ಕೊಡೋ ಕೈ ಯಾರದು?"

ಆ ಮಾತು ಹೇಳುವಾಗ ಅವರ ಕಣ್ಣು ನನ್ನ ಮೇಲಿತ್ತು. ಮಡಿಯ ವಿಚಾರಕ್ಕೇ ಸಿಟ್ಟಾಗಿದ್ದಾರೆ ಎಂದುಕೊಂಡೆ ನಾನು.

ಪಕ್ಕದ ಮನೆಯಲ್ಲಿ ಆಸ್ಪತ್ರೆಯ ನರ್ಸೊಬ್ಬರಿದ್ದರು. ಬೀದಿಯವರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಮೊದಲು ಅವರು ಹೇಳಿದಂತೆ ಹಾಲಿಗೆ ಮೊಟ್ಟೆ ಕದಡಿ ಕೊಟ್ಟೆ, ನಾದಿನಿ ವಾಂತಿ ಮಾಡಿಕೊಂಡಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ, "ಅಂಟು ಅಂಟಾಗಿದೆ ಅತ್ತಿಗೆ" ಎಂದು ಉಗಿದುಬಿಟ್ಟಳು. ಆಗ ಸಿಸ್ಟರ್, "ಬಾಂಬೆ ಟೋಸ್ಟ್ ಮಾಡಿಕೊಡಮ್ಮ, ಅದನ್ನ ಬೇಡ ಅನ್ನೋ ಮಕ್ಕಳನ್ನ ನಾನು ನೋಡಿಲ್ಲ" ಎಂದರು. ಈಗ ನನ್ನ ಮೊಮ್ಮಕ್ಕಳು ಅದನ್ನು ಫ್ರೆಂಚ್ ಟೋಸ್ಟ್ ಎನ್ನುತ್ತಾರೆ. ನನಗಂತೂ ಅದು ಬಾಂಬೆ ಟೋಸ್ಟೇ.

ಸಿಸ್ಟರ್ ತಮ್ಮ ಹಳೆಯ ಕಾವಲಿಯನ್ನೂ ಮೊಟ್ಟೆಗಳನ್ನೂ ಕಾಂಪೌಂಡ್ ಗೋಡೆಯ ಮೇಲಿಂದ ಕೊಟ್ಟರು. ನಾನು ಹಿತ್ತಿಲ ಒಗೆಯೋ ಕಲ್ಲಿನ ಪಕ್ಕ ಇದ್ದಿಲ ಒಲೆ ಹಚ್ಚಿದೆ. ಮೊಟ್ಟೆ ಒಡೆಯುವುದು ಗೊತ್ತಿಲ್ಲದ ಕೈ ನನ್ನದು. ಮೊದಲನೆಯದು ಕೈಯಲ್ಲೇ ಪುಡಿಯಾಯಿತು. ವಾಸನೆ ತಡೆಯಲಾರದೆ ಸೆರಗು ಮೂಗಿಗೆ ಕಟ್ಟಿಕೊಂಡು ಕದಡಿದೆ. ಅವತ್ತೇ ತಂದ ಮೆತ್ತನೆ ಬ್ರೆಡ್ಡು ಅದರಲ್ಲಿ ಮುಳುಗಿದ್ದೇ ಬಟ್ಟೆಯಂತೆ ಜೋತುಬಿದ್ದು ಹರಿಯಿತು. ಹೇಗೋ ಕಾವಲಿಗೆ ಹಾಕಿದರೆ ಮೇಲೆ ಕರ್ರಗಾಯಿತು, ಒಳಗೆ ಮುರಿದು ನೋಡಿದರೆ ಹಸಿ ಲೋಳೆ.

ಸಿಸ್ಟರ್ ಗೋಡೆಯಾಚೆಯಿಂದ ಅದನ್ನು ನೋಡಿ ನಗಲಿಲ್ಲ. "ಇದನ್ನ ಅವಳಿಗೆ ಕೊಡಬೇಡ," ಎಂದರು. "ಟೈಫಾಯಿಡ್ ಬಿಟ್ಟ ಕರುಳು ಕಣಮ್ಮ, ಹುಷಾರು. ನಾಳೆ ಹಳೇ ಬ್ರೆಡ್ಡಲ್ಲಿ ಮಾಡು."

ಮಾರನೆಯ ದಿನ ಅವರು ಹೇಳಿದ್ದನ್ನು ಒಂದೊಂದಾಗಿ ಮಾಡಿದೆ. ಬ್ರೆಡ್ಡನ್ನು ತುಂಬ ತೆಳ್ಳಗೂ ಅಲ್ಲ, ತೀರಾ ದಪ್ಪಕ್ಕೂ ಅಲ್ಲದ ಹಾಗೆ ಕೊಯ್ದು, ಗಟ್ಟಿ ಅಂಚನ್ನು ತೆಗೆದು, ಬಿಳಿ ಬಟ್ಟೆಯ ಮೇಲೆ ಹರಡಿ ಗಾಳಿಗೆ ಇಟ್ಟೆ. ಮೊಟ್ಟೆಯನ್ನು ಎಳೆ ಎಳೆಯಾಗಿ ಬರುವುದು ನಿಲ್ಲುವ ತನಕ ಕಡೆದೆ. ಎಳೆ ಉಳಿದರೆ ಅಲ್ಲಲ್ಲಿ ಬಿಳಿ ಗಂಟಾಗಿ ವಾಸನೆ ಬರುತ್ತದೆ. ಆಮೇಲೆ ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಕುಟ್ಟಿದ ಏಲಕ್ಕಿ. ಹಾಲು ಹೆಚ್ಚಾದರೆ ಬ್ರೆಡ್ಡು ನಿಲ್ಲುವುದಿಲ್ಲ. ಚೂರನ್ನು ಒಂದು ಮಗ್ಗುಲು ಅದ್ದಿ, ಮಗುಚಿ ಇನ್ನೊಂದು ಮಗ್ಗುಲು ಅದ್ದಿ, ಹೆಚ್ಚು ನೆನೆಯಲು ಬಿಡದೆ ಎತ್ತಿಬಿಡಬೇಕು. ಅಷ್ಟರಲ್ಲಿ ಕೆಂಡದ ಮೇಲೆ ಬೂದಿ ಕಟ್ಟಿ ಉರಿ ಸಣ್ಣಗಾಗಿರಬೇಕು. ತುಪ್ಪ ಸವರಿದ ಕಾವಲಿಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಕೆಂಪಗಾದ ಮೇಲೆ ಮಗುಚಿದೆ. ಕೊನೆಗೆ ನಡುವೆ ಬೆರಳಿನಿಂದ ಒತ್ತಿದೆ. ಒತ್ತಿದ ಜಾಗ ಮೆಲ್ಲಗೆ ಮೇಲೆದ್ದಿತು, ಒಂದು ತೊಟ್ಟೂ ನೀರು ಒಸರಲಿಲ್ಲ.

ಅತ್ತೆ ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನಾನು ತಟ್ಟೆ ಹಿಡಿದು ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಾದಿನಿ ಮೂಸಿ ನೋಡಿದಳು. ಚೂರು ಬಾಯಿಗಿಟ್ಟಳು. ನಾನು ತೊಡೆಯ ಮೇಲೆ ವಾಂತಿಗೆ ಪಾತ್ರೆ ಇಟ್ಟುಕೊಂಡೇ ಕೂತಿದ್ದೆ. ಅವಳು ಅದನ್ನು ನುಂಗಿ, ಇನ್ನೊಂದು ಚೂರು ತೆಗೆದುಕೊಂಡಳು, ಆಮೇಲೆ ಮತ್ತೊಂದು.

"ಇನ್ನೊಂದಿದೆಯಾ ಅತ್ತಿಗೆ?"

ಕಾಯಿಲೆ ಬಿದ್ದಾಗಿನಿಂದ ಅವಳು ಬಾಯಿಬಿಟ್ಟು ಊಟ ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಕೊಟ್ಟೆ. ಅದನ್ನೂ ತಿಂದು, ಬೆರಳಿಗಂಟಿದ ತುಪ್ಪ ನೆಕ್ಕಿ ಮಲಗಿದಳು.

ಮಧ್ಯಾಹ್ನದ ಹೊತ್ತಿಗೆ ಅವಳ ಮೈ ಸುಡತೊಡಗಿತು.

ಹಣೆ ಮುಟ್ಟಿದ ನನ್ನ ಕೈ ಅಲ್ಲೇ ನಿಂತುಹೋಯಿತು. ಥರ್ಮಾಮೀಟರ್ ಇಟ್ಟು ನೋಡಿದರೆ ಪಾದರಸ ನೂರೆರಡು ದಾಟಿತ್ತು. ಹಲ್ಲು ಕಟಕಟ ಎನ್ನುವಂತೆ ಚಳಿ. ಮೊಣಕಾಲನ್ನು ಹೊಟ್ಟೆಯ ಕಡೆ ಮಡಚಿಕೊಂಡು ಒಂದೇ ಮಗ್ಗುಲಾಗಿ ಮುದುಡಿದ್ದಳು. ತಿರುಗಿಸಲು ಹೋದರೆ ನರಳಿದಳು. ಯಜಮಾನರು ಕೆಲಸದಲ್ಲಿದ್ದರು, ಸಿಸ್ಟರ್ ಡ್ಯೂಟಿಗೆ ಹೋಗಿದ್ದರು.

ಅತ್ತೆ ಬಂದು ಹಾಸಿಗೆಯ ಬುಡದಲ್ಲಿ ನಿಂತರು. ಮಡಚಿದ ಆ ಮೊಣಕಾಲನ್ನು ನೋಡಿದ್ದೇ ಅವರ ಬಣ್ಣ ಹೋಯಿತು.

"ಹೊಟ್ಟೆ ನೋಯುತ್ತೇನೇ? ಹೇಳೇ ಪುಟ್ಟಿ, ಹೊಟ್ಟೆ ನೋಯುತ್ತಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ನಂಬಲಿಲ್ಲ. ಗೋಡೆ ಹಿಡಿದು ಕುಸಿದು ಕೂತರು. ಆಮೇಲೆ ಅವರು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ.

"ದೊಡ್ಡವಳೂ ಹೀಗೇ ಮಲಗಿದ್ಲು. ಇದೇ ಜ್ವರ. ಬಿಟ್ಟಿತ್ತು. ಹಸಿವು ಹಸಿವು ಅಂತ ಅತ್ಲು. ನಾನೇ ಕಣೇ, ಈ ಕೈಯಲ್ಲೇ, ಮೆತ್ತಗೆ ಅನ್ನ ಕಲಸಿ ತಿನ್ನಿಸ್ದೆ. ಇನ್ನೊಂದು ತುತ್ತು ಅಂದ್ಲು, ಕೊಟ್ಟೆ. ಸಾಯಂಕಾಲಕ್ಕೆ ಹೊಟ್ಟೆ ಹಿಡ್ಕೊಂಡ್ಲು. ಬೆಳಗಾಗೋದರಲ್ಲಿ ಇರಲಿಲ್ಲ."

ಯಜಮಾನರಿಗೆ ಒಬ್ಬ ಅಕ್ಕ ಇದ್ದು ಚಿಕ್ಕಂದಿನಲ್ಲೇ ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಹೇಗೆ ಹೋದಳೆಂಬ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೊಡುವ ಕೈ ಯಾರದೆಂದು ಅತ್ತೆ ಯಾಕೆ ಕೇಳಿದ್ದರೆಂದು ಆಗ ತಿಳಿಯಿತು. ತಿಳಿದು ನನಗೆ ಸಮಾಧಾನವೇನೂ ಆಗಲಿಲ್ಲ, ಹೆದರಿಕೆ ಇಮ್ಮಡಿಯಾಯಿತು. ಡಾಕ್ಟರು ಬ್ರೆಡ್ಡು ಎಂದಿದ್ದರು, ಹಾಲು ಎಂದಿದ್ದರು, ಮೊಟ್ಟೆ ಎಂದಿದ್ದರು. ತುಪ್ಪದಲ್ಲಿ ಕಾಯಿಸಿ ಕೊಡಿ ಎಂದಿದ್ದರೇ? ಎರಡೆರಡು ಕೊಡಿ ಎಂದಿದ್ದರೇ?

ಯಜಮಾನರು ಬರುವುದನ್ನೇ ಕಾದೆವು. ಕಾರ್ಖಾನೆಯ ಸೈರನ್ ಕೂಗಿದ್ದು ಕೇಳಿತು. ಸೈಕಲ್ಲು ಗೋಡೆಗೆ ಒರಗಿಸುವ ಮೊದಲೇ ನಾನು ಬಾಗಿಲಿಗೆ ಓಡಿ, "ಇಳೀಬೇಡಿ, ಡಾಕ್ಟ್ರನ್ನ ಕರ್ಕೊಂಡು ಬನ್ನಿ" ಎಂದೆ. ಅವರು ನನ್ನ ಮುಖ ನೋಡಿ ಏನೂ ಕೇಳದೆ ಹಾಗೇ ತಿರುಗಿಸಿಕೊಂಡು ಹೋದರು. ಡಾಕ್ಟರ ಮನೆ ಮಲ್ಲೇಶ್ವರದಲ್ಲಿತ್ತು.

ಅವರು ಬರುವ ತನಕ ಸುಮ್ಮನೆ ಕೂರಲಾರದೆ ಒದ್ದೆ ಬಟ್ಟೆಯಿಂದ ನಾದಿನಿಯ ಮೈ ಒರೆಸಲು ಶುರುಮಾಡಿದೆ. ಕೈ, ಕತ್ತು, ಬೆನ್ನು. ಸೊಂಟದ ಕೆಳಗೆ ಬಟ್ಟೆ ತಾಗಿದ್ದೇ ತಡ, ಅವಳು ಕಿರುಚಿ ನನ್ನ ಮಣಿಕಟ್ಟು ಹಿಡಿದಳು.

"ಅಲ್ಲಿ ಬೇಡಿ ಅತ್ತಿಗೆ."

"ಏನಾಗಿದೆ ಅಲ್ಲಿ?"

ಅವಳು ಅತ್ತೆಯ ಕಡೆ ನೋಡಿ ಕಣ್ಣು ಮುಚ್ಚಿಕೊಂಡಳು. ನಾನು ಬಗ್ಗಿ ಕಿವಿಯಲ್ಲಿ ಕೇಳಿದೆ. ಪಿಸುಗುಟ್ಟಿದಳು: "ಕಾಂಪೌಂಡರ್ ಸೂಜಿ ಚುಚ್ಚಿದ್ರಲ್ಲ, ಅಲ್ಲಿ. ಅವತ್ತಿಂದ ನೋವು. ಹೇಳಿದ್ರೆ ಡಾಕ್ಟ್ರು ಬಟ್ಟೆ ತೆಗೆದು ನೋಡ್ತಾರೆ ಅಂತ…"

ಲಂಗ ಸರಿಸಿ ನೋಡಿದೆ. ಕೆಲವು ದಿನಗಳ ಹಿಂದೆ, ಶಕ್ತಿ ಬರಲೆಂದು ಡಾಕ್ಟರ ಕಾಂಪೌಂಡರ್ ಕೈಲಿ ಹಾಕಿಸಿದ್ದ ಇಂಜೆಕ್ಷನ್ನಿನ ಜಾಗದಲ್ಲಿ ಪೃಷ್ಠದ ಮೇಲೆ ಕಿತ್ತಳೆಹಣ್ಣಿನಷ್ಟು ಊತ. ಚರ್ಮ ಕೆಂಪಾಗಿ, ಬಿಗಿದು ಹೊಳೆಯುತ್ತಿತ್ತು. ಮುಟ್ಟುವ ಮೊದಲೇ ಅದರ ಬಿಸಿ ಕೈಗೆ ಹತ್ತಿತು.

"ಅತ್ತೆ, ಇಲ್ಲಿ ನೋಡಿ," ಎಂದೆ. ಅವರು ಎದ್ದು ಬಂದು ನೋಡಿದರು. ಜ್ವರಕ್ಕೆ ಇದೇ ಕಾರಣವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಇದೂ ಇರಬಹುದು, ನಾನು ಕೊಟ್ಟ ಟೋಸ್ಟೂ ಇರಬಹುದು. ಇಬ್ಬರೂ ಹಾಸಿಗೆಯ ಆಚೆ ಈಚೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಬೀದಿಯ ಸದ್ದಿಗೆ ಕಿವಿ ಕೊಟ್ಟಿದ್ದೆವು. ಡಾಕ್ಟರನ್ನು ಕೂರಿಸಿಕೊಂಡ ಜಟಕಾ ಬಂದು ನಿಂತಾಗ ಇನ್ನೂ ಬೆಳಕಿತ್ತು.

ಡಾಕ್ಟರು ಮೊದಲು ಹೊಟ್ಟೆ ನೋಡಿದರು. ಅಲ್ಲಿ ಒತ್ತಿ, ಇಲ್ಲಿ ಒತ್ತಿ, ಬೆರಳಿನಿಂದ ತಟ್ಟಿ, ಕಿವಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಅಷ್ಟು ಹೊತ್ತೂ ಅತ್ತೆ ಉಸಿರಾಡಿದ್ದನ್ನು ನಾನು ಕಾಣೆ.

"ಬೆಳಿಗ್ಗೆ ಏನ್ ಕೊಟ್ರಿ?"

ಹೇಳಿದೆ. ತುಪ್ಪವನ್ನೂ ಹೇಳಿದೆ, ಎರಡು ಚೂರು ಎಂಬುದನ್ನೂ.

"ಹೊಟ್ಟೆ ಮೆತ್ತಗಿದೆ. ಏನೂ ಆಗಿಲ್ಲ," ಎಂದರು. ಆಮೇಲೆ ನಾನು ತೋರಿಸಿದ ಊತ ನೋಡಿ ಹುಬ್ಬು ಗಂಟಿಕ್ಕಿದರು. "ಕೀವು ತುಂಬಿದೆ. ಜ್ವರ ಇದರದ್ದು. ನೀರು ಕಾಯಿಸಿ."

ಅಲ್ಲೇ, ಜಾಗ ಮರಗಟ್ಟಿಸಲು ಏನೋ ಹಾಕಿ, ಕುಯ್ದರು. ಹುಡುಗಿಯ ತಲೆ ನನ್ನ ತೊಡೆಯ ಮೇಲೆ, ಕಾಲು ಅಣ್ಣನ ಕೈಯಲ್ಲಿ. ಅವಳು ನನ್ನ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದು ನಿಂತರಂತೆ. ಬಂದ ಕೀವನ್ನು ನೋಡಿ ಯಜಮಾನರು ಮುಖ ತಿರುಗಿಸಿಕೊಂಡರು. ಅತ್ತೆ ತಿರುಗಿಸಲಿಲ್ಲ. ಬಿಸಿನೀರಿನ ತಪ್ಪಲೆ ಹಿಡಿದು ಕೊನೆಯವರೆಗೂ ನಿಂತರು.

ಡಾಕ್ಟರು ಕೈ ತೊಳೆದು ಒರೆಸಿಕೊಳ್ಳುತ್ತಿದ್ದಾಗ ಅತ್ತೆ ಕೇಳಿದರು.

"ಅನ್ನ ಕೊಟ್ರೆ ಹೋಗ್ಬಿಡ್ತಾರಾ ಡಾಕ್ಟ್ರೇ? ಈ ಕಾಯಿಲೇಲಿ?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಯಜಮಾನರು ತಗ್ಗಿದ ದನಿಯಲ್ಲಿ ಅಕ್ಕನ ವಿಷಯ ಹೇಳಿದರು. ಡಾಕ್ಟರು ಟವೆಲ್ಲನ್ನು ಮಡಚಿ ಕುರ್ಚಿಯ ಮೇಲೆ ಇಟ್ಟರು.

"ನೋಡಿ ತಾಯಿ, ಈ ಜ್ವರ ಒಳಗೊಳಗೇ ಕರುಳನ್ನ ತಿನ್ನುತ್ತೆ. ಬರೀ ನೀರು ಕುಡಿಸಿಟ್ಟಿದ್ದವರಿಗೂ ತೂತಾಗಿದೆ, ನಾನೇ ನೋಡಿದೀನಿ. ಅನ್ನ ತಿಂದು ಎದ್ದು ಓಡಾಡಿದವರನ್ನೂ ನೋಡಿದೀನಿ. ನಿಮ್ಮ ಮಗು ಯಾಕೆ ಹೋಯ್ತು ಅಂತ ಇವತ್ತು ನನಗೆ ಹೇಳಕ್ಕಾಗಲ್ಲ. ಅನ್ನದಿಂದಲೇ ಅಂತ ಯಾರಾದ್ರೂ ಹೇಳಿದ್ರೆ, ಅವರಿಗೂ ಗೊತ್ತಿರಲಿಲ್ಲ."

"ಅವರಪ್ಪ ಹೇಳಿದ್ರು," ಎಂದರು ಅತ್ತೆ. "ಸಾಯೋವರೆಗೂ ಹೇಳಿದ್ರು."

ಅಷ್ಟು ಹೇಳಿ ತಪ್ಪಲೆ ಎತ್ತಿಕೊಂಡು ಬಚ್ಚಲಿಗೆ ಹೋದರು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಯಜಮಾನರು ಹೊರಗೆ ಜಗಲಿಯ ಮೇಲೆ ಕೂತುಬಿಟ್ಟರು. ತಂದೆ ಆ ಮಾತನ್ನು ಮಕ್ಕಳ ಕಿವಿಗೆ ಬೀಳದ ಹಾಗೆ ಆಡಿದ್ದರಂತೆ, ಅವರೂ ಅವತ್ತೇ ಕೇಳಿದ್ದು.

ಜ್ವರ ಇಳಿಯಿತು. ಗಾಯಕ್ಕೆ ಸಿಸ್ಟರ್ ದಿನವೂ ಬಂದು ಪಟ್ಟಿ ಕಟ್ಟಿದರು, ನಾದಿನಿಯೂ ಅವರ ಮುಂದೆ ನಾಚಿಕೆ ಬಿಟ್ಟಳು. ಆದರೆ ಕಾವಲಿ ಮುಟ್ಟಲು ನನಗೆ ಕೈ ಬರಲಿಲ್ಲ. ಡಾಕ್ಟರು ಏನೂ ಆಗಿಲ್ಲವೆಂದಿದ್ದರು, ನಿಜ. ಆದರೂ ಆ ಮಧ್ಯಾಹ್ನ ಎದೆಯಿಂದ ಹೋಗಿರಲಿಲ್ಲ. ಮತ್ತೆ ಗಂಜಿ, ಮತ್ತೆ ಹಾಲು. ಹುಡುಗಿ ಎರಡು ಗುಟುಕು ಕುಡಿದು ಲೋಟ ಹಿಂದಕ್ಕೆ ಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಹಿತ್ತಿಲಿಗೆ ಬಂದರೆ ಇದ್ದಿಲ ಒಲೆ ಆಗಲೇ ಹತ್ತಿತ್ತು. ಪಕ್ಕದಲ್ಲಿ ಅತ್ತೆ, ಬೀಸಣಿಗೆ ಹಿಡಿದು ಕೂತಿದ್ದರು. ಒಗೆಯೋ ಕಲ್ಲಿನ ಮೇಲೆ ಬ್ರೆಡ್ಡು ಕೊಯ್ದು ಹರಡಿತ್ತು, ಅಂಚು ತೆಗೆದದ್ದು ಸೊಟ್ಟಸೊಟ್ಟಾಗಿ.

"ಆ ಮೊಟ್ಟೆ ನಾನು ಮುಟ್ಟಲ್ಲ," ಎಂದರು ನನ್ನ ಕಡೆ ನೋಡದೆ. "ಅದೊಂದು ನೀನೇ ಮಾಡು. ಬೇಗ ಮಾಡು, ಕೆಂಡ ಆರುತ್ತೆ."

ನಾನು ಮೊಟ್ಟೆ ಕದಡಿದೆ. ಅವರು ಮೂಗಿಗೆ ಸೆರಗು ಹಿಡಿದು, ಮುಖ ಒಂದಿಷ್ಟು ಆಚೆಗೆ ತಿರುಗಿಸಿ, ಆದರೆ ಕಾವಲಿಯ ಮೇಲಿಂದ ಕಣ್ಣು ತೆಗೆಯದೆ ಗಾಳಿ ಹಾಕಿದರು. ಮುಗಿದ ಮೇಲೆ ನಾನೇ ತಟ್ಟೆಯನ್ನು ಒಳಗೆ ಒಯ್ಯಲಿಲ್ಲ. ಅವರ ಮುಂದೆ ಹಿಡಿದೆ. ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅವರು ತಟ್ಟೆಯನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. ಆಮೇಲೆ ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, ತಟ್ಟೆ ತೆಗೆದುಕೊಂಡು ಮಗಳ ಹಾಸಿಗೆಯ ಕಡೆ ನಡೆದರು.

ನಾನು ಹಿಂದೆ ಹೋಗಲಿಲ್ಲ. ಹಿತ್ತಿಲಲ್ಲೇ ನಿಂತೆ. ಒಳಗಿನಿಂದ ಅತ್ತೆಯ ದನಿ ಕೇಳಿತು: "ಬಿಸಿ ಇದೆ, ಊದಿ ತಿನ್ನು. ನಿಧಾನ. ನಿಧಾನ ಕಣೇ."