ಬೆಚ್ಚಗಿದ್ದ ಗೊಂಬೆ

ನರ್ಸಿಂಗ್ ಕಲಿಸುವ ನನಗೆ ಗೊಂಬೆಗಳೆಂದರೆ ಅಡುಗೆಯವರಿಗೆ ಸೌಟು ಇದ್ದ ಹಾಗೆ. ಭೂತ ಪ್ರೇತ ಎಂದವರನ್ನು ಬೈದು ಬಾಯಿ ಮುಚ್ಚಿಸುವವಳು ನಾನು. ನಮ್ಮಲ್ಲೊಂದು ಹಸುಗೂಸಿನ ಗೊಂಬೆಯಿದೆ. ಒಳಗೆ ನೀರು ತುಂಬಿದರೆ ಥೇಟ್ ಆಗತಾನೇ ಹುಟ್ಟಿದ ಮಗುವಿನ ತೂಕ. ಹಿಡಿಯದಿದ್ದರೆ ಕತ್ತು ವಾಲುತ್ತದೆ. ಮುಖಕ್ಕೆ ಮಾಸ್ಕ್ ಇಟ್ಟು ಗಾಳಿಚೀಲ ಒತ್ತಿದರೆ ಎದೆ ಏರುತ್ತದೆ, ಇಳಿಯುತ್ತದೆ. ಹುಟ್ಟಿದ ಮಗು ಉಸಿರಾಡದಿದ್ದರೆ ಏನು ಮಾಡಬೇಕೆಂದು ಕಲಿಸಲು ಅದು ಬೇಕು.

ಆ ದಿನ ವಿದ್ಯಾರ್ಥಿನಿಯರ ಜೊತೆ ಮಹಾನಗರದೊಳಗಿನ ಆರೆ ಕಾಡಿನ ಒಂದು ಪಾಡಾಕ್ಕೆ, ಅಂದರೆ ಆದಿವಾಸಿಗಳ ಹಾಡಿಗೆ, ಹೋಗಿದ್ದೆ. ಜೋಗೇಶ್ವರಿಯ ಬಿಲ್ಡಿಂಗುಗಳು ಕಾಣುವಷ್ಟು ಹತ್ತಿರದ ಹಳ್ಳಿ, ಆದರೆ ಆಟೋದವರು ಒಳಗೆ ಬರಲು ಮೂಗು ಮುರಿಯುತ್ತಾರೆ. ಅಲ್ಲೊಬ್ಬ ತುಂಬು ಗರ್ಭಿಣಿಯ ಬಿಪಿ ಏರಿತ್ತು, ಮುಖ ಊದಿತ್ತು. ತಡಮಾಡಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಉಳಿಯಲಿಕ್ಕಿಲ್ಲ. ಆಸ್ಪತ್ರೆಗೆ ಬರುತ್ತೇನೆ ಎಂದಳು. ಗಂಡ ಆಟೋ ತರಲು ಓಡಿದ. ಅಲ್ಲಿಯವರೆಗೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ನೆರೆದ ಹೆಂಗಸರಿಗೆ ಗೊಂಬೆಯ ಪಾಠ ಶುರುಮಾಡಿಸಿದೆ.

ನನ್ನ ವಿದ್ಯಾರ್ಥಿನಿಯರಲ್ಲಿ ಒಬ್ಬಳು, ಮಾಟುಂಗದ ಹೋಟೆಲಿನವರ ಮಗಳು, ಮುಟ್ಟಿದರೆ ನಿಜವೆನಿಸಲಿ ಎಂದು, ಅದಕ್ಕೆ ಬಿಸಿನೀರು ತುಂಬಿದ್ದಳು. ಚೀಲ ಒತ್ತಿದಳು. ಎದೆ ಏರಿತು, ಇಳಿಯಿತು. ಹೆಂಗಸರು, ಗರ್ಭಿಣಿಯೂ ಸೇರಿ, ಹತ್ತಿರ ಸರಿದರು. ಪಾಠ ಮುಗಿಯಿತೆಂದು ನಾನು "ಸಾಕು" ಎಂದೆ. ಎದೆ ಅಲ್ಲಿಗೇ ನಿಂತಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು ಆಮೇಲೆ. ಆಟೋ ಬಂತು, ಗರ್ಭಿಣಿ ಏಳಲಿಲ್ಲ.

"ಉಸಿರಾಡ್ತಿತ್ತು," ಎಂದಳು ಮರಾಠಿಯಲ್ಲಿ. "ನೀವು ಸಾಕು ಅಂದ್ರಿ. ನಿಮ್ಮ ಕೈಗೆ ನನ್ನ ಮಗು ಕೊಡಲ್ಲ."

"ಅದು ಪ್ಲಾಸ್ಟಿಕ್ಕಮ್ಮಾ!" ನನ್ನ ದನಿ ಏರಿತು.

ಅವಳ ಅತ್ತೆ ಬಗ್ಗಿ ಗೊಂಬೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. "ಇನ್ನೂ ಬೆಚ್ಚಗಿದೆ," ಎಂದಳು. ಹಾಡಹಗಲಲ್ಲೇ ನನ್ನ ಮೈ ಜುಮ್ಮೆಂದಿತು.

ಹುಡುಗಿ ನನ್ನ ಅಪ್ಪಣೆಗೆ ಕಾಯಲಿಲ್ಲ. ಗೊಂಬೆಯನ್ನು ಮಡಿಲಿಗೆಳೆದುಕೊಂಡು ಮತ್ತೆ ಒತ್ತತೊಡಗಿದಳು. ಗರ್ಭಿಣಿ ಬಹಳ ಹೊತ್ತು ಆ ಎದೆಯನ್ನೇ ನೋಡಿದಳು. ಆಮೇಲೆ ಎದ್ದು ಆಟೋ ಹತ್ತಿದಳು.

ಗಂಡ ಡ್ರೈವರ್ ಪಕ್ಕ ತೂರಿಕೊಂಡ, ಗರ್ಭಿಣಿ, ನಾನು, ಒತ್ತುತ್ತಲೇ ಇದ್ದ ಹುಡುಗಿ ಹಿಂದೆ ಕೂತೆವು. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನಮ್ಮನ್ನು ನೋಡಿದವನು ಮತ್ತೆ ನೋಡಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಆ ಚೀಲದ ಉಸಿರೊಂದೇ ಕೇಳುತ್ತಿತ್ತು. ಗೊಂಬೆಯ ಕಾಲು ನನ್ನ ಕೈಗೆ ತಾಗಿತು. ತಣ್ಣಗಾಗುತ್ತಿತ್ತು. ಸೆರಗು ಹೊದಿಸಿದೆ. ಯಾಕೆ ಎಂದು ಕೇಳಬೇಡಿ, ನನಗೆ ಹೆದರಿಕೆಯಾಗಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಸ್ಟ್ರೆಚರ್ ಮೇಲೆ ಒಳಗೊಯ್ದರು. ಡಾಕ್ಟರು ಏನೋ ಕೇಳುತ್ತಿದ್ದರು, ಅವಳ ಕಣ್ಣು ಮಾತ್ರ ಗೊಂಬೆಯ ಮೇಲೇ ಇತ್ತು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿತು.

"ಮೇಡಂ, ಕೈ ನೋಯ್ತಾ ಉಂಟು," ಎಂದಳು ಹುಡುಗಿ. "ಈಗ ಬಂದ್ ಮಾಡ್ಲಾ?"

ಒಳಗಿದ್ದವಳಿಗೆ ಇನ್ನು ಇದು ಕಾಣುವುದಿಲ್ಲ, ಕೇಳುವುದೂ ಇಲ್ಲ. ನಾನು ಬೆಂಚಿನ ಮೇಲೆ ಕೂತು ಕೈ ಚಾಚಿದೆ.

"ಬೇಡ," ಎಂದೆ. "ಇಲ್ಲಿ ಕೊಡು."