ಹೆಣದ ಮುಂದೆ ನಡೀತಿದ್ದ ಥಲ್ಲಸ್

ನಮ್ಮ ರೋಮಿನ ಸುಬುರಾ ಓಣೀಲಿ ಥಲ್ಲಸ್ ಅಂತ ಒಬ್ಬ ಇದ್ದ. ಅವನ ಕಸುಬು ಏನು ಗೊತ್ತಾ? ಸತ್ತೋರಾಗೋದು! ನಗಬೇಡಿ, ಅದರಲ್ಲೇ ಅವನ ಸಂಸಾರ ನಡೀತಿದ್ದಿದ್ದು. ದೊಡ್ಡ ಮನುಷ್ಯ ಯಾರಾದ್ರೂ ತೀರ್ಕೊಂಡ್ರೆ, ಹೆಣ ಹಿಂದೆ ಚಟ್ಟದ ಮೇಲೆ ಬರ್ತಿರುತ್ತೆ. ಥಲ್ಲಸ್ ಆ ಮನುಷ್ಯನ ಮೇಣದ ಮುಖ ಹಾಕ್ಕೊಂಡು, ಅವನದೇ ಬಟ್ಟೆ ಸುತ್ಕೊಂಡು, ಅವನ ಹಾಗೇ ಕೆಮ್ತಾ ಬೈತಾ ಮುಂದೆ ನಡೀಬೇಕು. ಸತ್ತೋನು ಜಿಪುಣ ಅನ್ನಿ, "ಇಷ್ಟೊಂದು ಪಂಜು ಯಾಕ್ರೋ? ಅರ್ಧ ಆರ್ಸ್ರೋ!" ಅಂತ ಕೂಗೋನು. ಹೆಂಡ್ತಿ ಮಕ್ಕಳು ಅಳ್ತಾ ಅಳ್ತಾನೇ ನಕ್ಬಿಡೋರು. ಒಂದ್ಸಲ ಅದೆಷ್ಟು ಚೆನ್ನಾಗಿ ಮಾಡ್ದ ಅಂದ್ರೆ, ಸತ್ತೋನ ನಾಯಿ ಚಟ್ಟ ಬಿಟ್ಟು ಇವನ ಹಿಂದೆ ಬಂದು ಕೊನೇ ತನಕ ಇವನ ಮನೇಲೇ ಉಳೀತು. ನಾಯಿಗೆ ಅನುಮಾನವೇ ಬರ್ಲಿಲ್ಲ. ಇವನ ಹೆಂಡ್ತಿ ನೈಸಾಳಿಗೆ ಮಾತ್ರ ಆಗಾಗ ಅನುಮಾನ ಬರೋದು, ಮನೇಲಿರೋದು ತನ್ನ ಗಂಡನೋ, ಹೋದ ವಾರ ಚಿತೆ ಏರಿದೋನೋ ಅಂತ.

ಸತ್ತ ಮೇಲೆ ನಡಿಗೆ ಕಲಿಯೋಕಾಗುತ್ತಾ? ಬದುಕಿದ್ದಾಗ್ಲೇ ನೋಡ್ಕೋಬೇಕು. ಅದಕ್ಕೆ ಥಲ್ಲಸ್ ಬೆಳಗಾದ್ರೆ ಪೇಟೆ ಚೌಕದ ಮೆಟ್ಟಿಲ ಮೇಲೆ ಹುರಿಗಡಲೆ ಮೆಲ್ತಾ ಕೂತಿರೋನು. ದೊಡ್ಡೋರು ಇವನನ್ನ ಕಂಡ್ರೆ ದೃಷ್ಟಿ ತಾಗದ ಹಾಗೆ ಬೆರಳು ಮಡಚ್ಕೊಂಡು, "ಬೇರೆ ಕಡೆ ನೋಡೋ ಶನಿ!" ಅನ್ನೋರು. ಬರೀ ನೆಗಡಿ ಆಗಿದ್ದ ಒಬ್ಬ ಸಭಾ ಸದಸ್ಯನಿಗೆ ಇವನು, "ಸ್ವಾಮಿ, ಇನ್ನೊಂದ್ಸಲ ಹಂಗೇ ಸೀನಿ" ಅಂದ. ಆ ಮನುಷ್ಯ ಮನೆಗೆ ಹೋಗಿ ಹಾಸಿಗೆ ಹಿಡ್ದ.

ಆ ಕಾಲದಲ್ಲಿ ನಗರದ ಕಾವಲೆಲ್ಲ ಓಫಿಲಿಯಸ್ ಕೈಲಿತ್ತು. ದೊರೆ ಬಿಟ್ರೆ ಅವನೇ. ಒಳ್ಳೆಯವನು ಅಂತ ಹೇಳೋಕಾಗಲ್ಲ. ಅವನು ಬೆರಳು ತೋರ್ಸಿದ ಮನೇಲಿ ಮಾರನೇ ದಿನ ಗಂಡಸರು ಇರ್ತಿರ್ಲಿಲ್ಲ. ಬಲಭುಜ ಮೇಲೆತ್ತಿ, ಎಡಗಾಲು ಪಟ್ ಅಂತ ಬಡೀತಾ ನಡೀತಿದ್ದ. ಆ ಪಟ್ ಪಟ್ ಕೇಳಿಸ್ತಿದ್ದ ಹಾಗೇ ಎಲ್ಲರೂ ಎದ್ದು ನಿಲ್ಲಬೇಕು. ಕೂತೇ ಇದ್ರೆ, "ಯಾರದು ಕೂತಿರೋದು?" ಅನ್ನೋನು. ಅಷ್ಟೇ. ಆ ಮಾತು ಕೇಳಿಸ್ಕೊಂಡೋನಿಗೆ ನಿದ್ದೆ ಹೋಯ್ತು ಅಂತ್ಲೇ ಲೆಕ್ಕ.

ಹಿಂಗಿರುವಾಗ ಕಸಾಯಿಯವರ ಯಜಮಾನ ಒಬ್ಬ ತೀರ್ಕೊಂಡ. ಥಲ್ಲಸ್ ಮುಂದೆ ನಡೀತಿದ್ದಾನೆ, ಬಿಸಿಲು ನೆತ್ತಿ ಸುಡ್ತಿದೆ, ಏನು ಮಾಡಿದ್ರೂ ಒಬ್ರೂ ನಗ್ತಿಲ್ಲ. ಪಾಪ, ಸತ್ತೋನಲ್ಲಿ ನಗೋಂಥದ್ದು ಏನೂ ಇರ್ಲಿಲ್ಲ. ಹೊಟ್ಟೆ ತುಂಬ ಉಂಡು ನಿದ್ದೇಲಿ ಹೋದ ಸಾಧು ಮನುಷ್ಯ. ಜನ ಆಕಳಿಸೋದು ಥಲ್ಲಸ್‌ಗೆ ತಡೆಯೋಕಾಗ್ಲಿಲ್ಲ. ಮೇಣದ ಮುಖ ತೆಗೆದು ಕಂಕುಳಲ್ಲಿ ಇಟ್ಕೊಂಡ. ಬಲಭುಜ ಎತ್ತಿದ. ಪಟ್, ಪಟ್, ಪಟ್. "ಯಾರದು ಕೂತಿರೋದು?" ಅಂದ. ಜನ ಉಸಿರು ಹಿಡ್ಕೊಂಡ್ರು. ಆಮೇಲೆ ಇವನು ಚಟ್ಟದ ಕಡೆ ತಿರುಗಿ, "ಇವನೊಬ್ಬ ಮಲಗೇ ಇದ್ದಾನಲ್ಲ! ಎಬ್ಬಿಸ್ರೋ!" ಅಂದ.

ಮೊದಲು ನಕ್ಕಿದ್ದು ಸತ್ತೋನ ಹೆಂಡ್ತಿ. ಆಮೇಲೆ ಇಡೀ ಬೀದಿ ನಕ್ತು. ಚಟ್ಟ ಹೊತ್ತೋರು ನಕ್ಕ ರಭಸಕ್ಕೆ ಹೆಣ ಎದ್ದು ಕೂತು ಮತ್ತೆ ಮಲಗ್ತು ಅಂತಾರೆ. ಅಷ್ಟು ನಾನು ನಂಬಲ್ಲ, ಸ್ವಲ್ಪ ತಲೆ ಎತ್ತಿರಬಹುದು.

ಕೆಲವೇ ದಿನದಲ್ಲಿ ನಾಟಕಶಾಲೇಲಿ ಆಟ ಇತ್ತು. ದೊರೆ ಆಗ್ಲೇ ಬಂದು ಕೂತಿದ್ದ. ಓಫಿಲಿಯಸ್ ಪಟ್ ಪಟ್ ಅಂತ ಒಳಗೆ ಬಂದ. ಮೇಲಿನ ಸಾಲಿಂದ ಯಾವನೋ, "ಎಬ್ಬಿಸ್ರೋ!" ಅಂದ. ನಗು ಹೊರಡ್ತು ನೋಡಿ, ಒಬ್ಬನೂ ಏಳ್ಲಿಲ್ಲ. ಇಡೀ ನಾಟಕಶಾಲೇಲಿ ನಿಂತಿದ್ದೋನು ಓಫಿಲಿಯಸ್ ಒಬ್ಬನೇ. ಅವನು ದೊರೆ ಕಡೆ ನೋಡ್ದ. ದೊರೆನೂ ನಗ್ತಿದ್ದ. ಜನ ಹೆದರೋ ತನಕ ಆ ಮನುಷ್ಯನಿಂದ ದೊರೆಗೆ ಉಪಯೋಗ. ನಗೋಕೆ ಶುರು ಮಾಡಿದ್ಮೇಲೆ ಅವನು ಯಾಕೆ ಬೇಕು? ಒಂದು ಬೆಳಿಗ್ಗೆ ಸೈನಿಕರು ಎಳ್ಕೊಂಡು ಹೋದ್ರು. ಸಂಜೆಗೆ ಹೆಣಕ್ಕೆ ಕೊಕ್ಕೆ ಹಾಕಿ ಟೈಬರ್ ಹೊಳೆಗೆ ಎಳೆದ್ರು. ಅವನ ಪ್ರತಿಮೆಗಳ ತಲೆ ಒಡೆದ್ರು. ಅವನಿಗೆ ಯಾರೂ ಅಳಬಾರ್ದು, ಅವನ ಮೇಣದ ಮುಖ ಯಾರೂ ಹೊರಬಾರ್ದು ಅಂತ ಡಂಗುರ ಹೊಡೆದ್ರು.

ಹೆಂಡದಂಗಡಿ ಯಜಮಾನ ಥಲ್ಲಸ್ ಬೆನ್ನು ತಟ್ಟಿದ. "ಲೇ, ಸೈನ್ಯದ ಕೈಲಾಗದ್ದು ನಿನ್ನ ಒಂದು ಭುಜದ ಕೈಲಾಯ್ತಲ್ಲೋ! ಕುಡಿ, ಕುಡಿ!"

ಥಲ್ಲಸ್ ಕುಡಿದ. ಕುಡಿದು ಹೆಣ ನೋಡೋಕೆ ಓಡ್ದ. ಕೊಕ್ಕೆ ಕತ್ತಿನ ಹತ್ರ ಸಿಕ್ಕಿತ್ತು, ಎಳೆದ ಹಾಗೆಲ್ಲ ಬಲಭುಜ ಮೇಲೇಳ್ತಿತ್ತು. "ಥಲ್ಲಸ್ ಬಂದ! ಮಾಡೋ ಥಲ್ಲಸ್, ಮಾಡೋ!" ಅಂತ ಜನ ಮುಂದಕ್ಕೆ ತಳ್ಳಿದ್ರು. ಮಾಡಿದ. ಹೆಣದ ಮುಂದೆ, ಹೊಳೆ ತನಕ, ಪಟ್ ಪಟ್.

ಅವತ್ತಿಂದ ಅವನು ಅಂಬಲಿ ಕೂಡ ಮುಟ್ತಿರ್ಲಿಲ್ಲ. ನೈಸಾ, "ಕೊಂದಿದ್ದು ದೊರೆ ಕಣ್ರೀ, ನಿಮಗ್ಯಾಕೆ ಸೂತಕ?" ಅಂದ್ಲು.

"ದೊರೆ ಕೊಲ್ಲಿಸ್ದ. ಹೊಳೆ ತನಕ ಕುಣಿದೋನು ನಾನು ತಾನೇ?" ಅಂದ.

ಹಿಂಗಿರುವಾಗ ಒಂದು ಮಧ್ಯಾಹ್ನ ಬೆಟ್ಟದ ಸೀಮೆಯಿಂದ ಒಬ್ಬ ಮುದುಕಿ ಬಾಗಿಲಿಗೆ ಬಂದ್ಲು. "ನನ್ನ ಮಗನ ಹಾಗೆ ನಡೆಯೋನು ನೀನೇನಪ್ಪ?"

"ಯಾರಮ್ಮ ನಿನ್ನ ಮಗ?"

ಅವಳು ಹೆಸರು ಹೇಳ್ಲಿಲ್ಲ, ಭುಜ ಎತ್ತಿ ತೋರ್ಸಿದ್ಲು. ಥಲ್ಲಸ್‌ಗೆ ಗೊತ್ತಾಯ್ತು. ಓಫಿಲಿಯಸ್ ತಾಯಿ, ವಿಬಿಯಾ.

"ಹೆಣ ಇಲ್ಲ, ಮುಖ ಇಲ್ಲ, ಮೆರವಣಿಗೆ ಇಲ್ಲ. ಹಂಗೆ ಹೋದೋರಿಗೆ ಆ ಕಡೆ ಜಾಗ ಸಿಗಲ್ಲ, ನಿನಗೆ ಗೊತ್ತಲ್ಲ. ನೀನು ಬಂದು ನಾನು ಇಳ್ಕೊಂಡಿರೋ ಮನೆ ಹಿತ್ತಲಲ್ಲಿ ಒಂದ್ಸಲ ನಡೆದುಬಿಡಪ್ಪ."

"ಅಮ್ಮಾ, ನಾನು ಏನು ಮಾಡಿದೀನಿ ಅಂತ..."

"ಎಲ್ಲ ಗೊತ್ತು ಕಣೋ. ನನ್ನ ಮಗ ದೇವರಂಥೋನು ಅಂತ ಹೇಳೋಕೂ ನಾನು ಬಂದಿಲ್ಲ. ಆದ್ರೆ ಈ ಊರಲ್ಲಿ ಅವನು ಇನ್ನೆಲ್ಲಿ ಉಳಿದಿದ್ದಾನೆ ಹೇಳು, ನಿನ್ನ ಕಾಲಲ್ಲಿ ಬಿಟ್ರೆ?"

ಗೊತ್ತಾದ್ರೆ ತಲೆ ಹೋಗೋ ಕೆಲಸ. ಥಲ್ಲಸ್ ಹೋದ. ಹಿತ್ತಲಲ್ಲಿ ಖಾಲಿ ಚಟ್ಟ ಇಟ್ಟು, ಅದರ ಮುಂದೆ ಭುಜ ಎತ್ತಿ ನಡೆದ. ಬಂದಿದ್ದು ಅದೇ ಕುಣಿತ. ಹೊಳೆ ದಾರೀಲಿ ಜನ ನಕ್ಕಿದ್ದ ಕುಣಿತ. ನಿಂತ, ಮತ್ತೆ ನಡೆದ. ಮತ್ತೆ ಅದೇ. ಎಷ್ಟೋ ಜನ ಸತ್ತೋರನ್ನ ನಡೆಸಿದ ಕಾಲು ಇವನೊಬ್ಬನನ್ನ ನಡೆಸೋಕೆ ಒಲ್ಲೆ ಅಂತು. ಅವನು ನೆಲದ ಮೇಲೆ ಕೂತು ಅತ್ತ.

"ಅಳೋದು ಆಮೇಲೆ, ಏಳು," ಅಂದ್ಲು ವಿಬಿಯಾ. "ಅದು ಜಂಬಕ್ಕೆ ಎತ್ತಿದ ಭುಜ ಅಲ್ವೋ, ಭಾರಕ್ಕೆ ಎತ್ತಿದ್ದು. ಅವನ ತಂಗೀಗೆ ಕಾಲು ಬರ್ತಿರ್ಲಿಲ್ಲ. ಚಿಕ್ಕೋನಾಗಿದ್ದಾಗಿಂದ ಬಲಸೊಂಟದ ಮೇಲೆ ಹೊತ್ಕೊಂಡೇ ಓಡಾಡ್ತಿದ್ದ. ಅದಕ್ಕೇ ಎಡಗಾಲು ಊರಿ ಊರಿ ಹಾಕೋನು. ಅವಳು ಹೋದ್ಮೇಲೂ ಹಂಗೇ ಉಳೀತು. ಈಗ ಹೊತ್ಕೋ."

"ಏನು ಹೊತ್ಕೊಳ್ಲಿ?"

"ಮಗೂನ."

ಥಲ್ಲಸ್ ಖಾಲಿ ಸೊಂಟದ ಮೇಲೆ ಇಲ್ಲದ ಮಗೂನ ಹೊತ್ಕೊಂಡ. ಹಿತ್ತಲ ಆ ತುದಿಯಿಂದ ಈ ತುದಿಗೆ ನಿಧಾನಕ್ಕೆ ನಡೆದ. ಮುದುಕಿ ಬಾಯಿಗೆ ಸೆರಗು ಒತ್ಕೊಂಡ್ಲು. "ಬಂದ," ಅಂದ್ಲು. ಚಟ್ಟಕ್ಕೆ ಬೆಂಕಿ ಕೊಟ್ಲು. ಮಗನ ಬೂದಿ ಇರ್ಲಿಲ್ಲ, ಬರೀ ಕಟ್ಟಿಗೆ ಬೂದಿ, ಅದನ್ನೇ ಮಡಕೇಲಿ ತುಂಬ್ಕೊಂಡ್ಲು.

ಹೊರಡೋವಾಗ ಥಲ್ಲಸ್, "ನನ್ನ ಕ್ಷಮಿಸ್ತೀಯಾ ಅಮ್ಮ?" ಅಂದ.

"ಚೆನ್ನಾಗಿ ನಡೆದೆ," ಅಂದ್ಲು ಅವಳು. ಅಷ್ಟೇ. ಮಡಕೆ ಎತ್ಕೊಂಡು ತನ್ನ ಬೆಟ್ಟದೂರಿಗೆ ಹೋದ್ಲು.

ಆ ಮಾತು ಅವನಿಗೆ ಸಾಲ್ದಾಯ್ತು. ಒಂದು ದಿನ ತುಂಬಿದ ಚೌಕಕ್ಕೆ ಹೋದ, ಹಾಡಹಗಲು, ಸೈನಿಕರು ನಿಂತಿರೋ ಕಡೆಗೇ. ಸೊಂಟದ ಮೇಲೆ ಆ ಮಗೂನ ಹೊತ್ಕೊಂಡು ಓಫಿಲಿಯಸ್ ಆಗಿ ನಡೆದ. ಯಾರಾದ್ರೂ ಗುರುತು ಹಿಡೀಲಿ, ಹಿಡಿದು ಬಡೀಲಿ, ಹೊಳೆಗೆ ಬೇಕಾದ್ರೂ ಎಸೀಲಿ ಅಂತ. ನಾಟಕಶಾಲೇಲಿ ನಕ್ಕೋರೆಲ್ಲ ಅಲ್ಲೇ ಇದ್ರು. ಒಬ್ರೂ ತಲೆ ಎತ್ಲಿಲ್ಲ. ಅವರಿಗೆ ಗೊತ್ತಿದ್ದ ಓಫಿಲಿಯಸ್ಸು ಥಲ್ಲಸ್ ಮಾಡಿ ಕೊಟ್ಟಿದ್ದೋನು, ಇವನಲ್ಲ.

ಒಬ್ಬ ಸೈನಿಕ ಮಾತ್ರ ತೋಳು ಹಿಡ್ದ. ಥಲ್ಲಸ್ ಕಣ್ಣು ಮುಚ್ಕೊಂಡ.

"ಸೊಂಟ ನೋವೇನಜ್ಜ? ಈ ಕಡೆ ನೆರಳಿಗೆ ಬಾ, ಕೂತ್ಕೋ," ಅಂದ ಸೈನಿಕ.