ಇಬ್ಬರಿಗೂ ಹತ್ತು ರೂಪಾಯಿ ಕಡಿಮೆ

ಸಿಟ್ಟು ಬಂದಾಗ ದೈವಾನೈಯಮ್ಮ ಕನ್ನಡಕ ತೆಗೆದು ಮೇಜಿನ ಮೇಲೆ ಮಗುಚಿಡುತ್ತಾರೆ. ಎದುರಿಗಿರುವವರ ಮುಖ ಮಸುಕಾದರೆ ದಾಕ್ಷಿಣ್ಯವೂ ಮಸುಕಾಗುತ್ತದೆ ಎಂಬುದು ಅವರ ಯುದ್ಧನೀತಿ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿರುವ, ಹಿಟ್ಟು ರುಬ್ಬುವ ಗ್ರೈಂಡರ್ ಮಾಡುವ ನಮ್ಮ ಕಂಪನಿಗೆ ಅವರು ಬಂದದ್ದು ಟೈಪು ಮಾಡುವುದಕ್ಕೆ. ಪೀಳಮೇಡಿನ ಗಿರಣಿ ಕಾರ್ಮಿಕರೊಬ್ಬರ ಮಗಳು, ಆಗಿನ್ನೂ ಎರಡು ಜಡೆ. ಹೊಸದರಲ್ಲಿ ಒಬ್ಬ ಡೀಲರು ಬಂದು, "ಗಂಡಸರು ಯಾರಾದ್ರೂ ಇದ್ರೆ ಕರಿಯಮ್ಮ, ರೇಟು ಮಾತಾಡ್ಬೇಕು" ಎಂದರಂತೆ. "ಇದ್ದಾರೆ ಅಣ್ಣಾ, ಅವರು ಕಲ್ಲು ಹೊರೋಕೆ. ರೇಟು ಮಾತಾಡೋಕೆ ನಾನು" ಎಂದರಂತೆ ಈಕೆ. ಅಂದು ಏರಿದ ಸಿಂಹಾಸನದಿಂದ ಇಂದಿನವರೆಗೂ ಇಳಿದಿಲ್ಲ. ಗಂಡ ಟೌನ್ ಬಸ್ಸಿನ ಡ್ರೈವರು. ಊರನ್ನೆಲ್ಲ ಹಾರ್ನ್ ಹೊಡೆದು ಬೆದರಿಸುವ ಆ ಮಹಾನುಭಾವರು ಮನೆಯ ಬೀದಿಗೆ ಬಂದರೆ ಚಪ್ಪಲಿಯ ಸದ್ದೂ ಆಗದಂತೆ ನಡೆಯುತ್ತಾರೆ.

ನಮ್ಮಲ್ಲಿ ರೇಟಿನ ಪಟ್ಟಿ ಎಂಬುದೊಂದಿದೆ. ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಅದರ ಪ್ರಕಾರ ಕೊಂಡವರನ್ನು ನಾನಂತೂ ನೋಡಿಲ್ಲ. ಒಬ್ಬೊಬ್ಬ ಡೀಲರಿಗೆ ಒಂದೊಂದು ರೇಟು, ಒಂದೊಂದು ರೇಟಿನ ಹಿಂದೆ ಒಂದೊಂದು ಕಥೆ. ಇವನು ಬಂದ್ ಇದ್ದಾಗ ತನ್ನ ಲಾರಿ ಕೊಟ್ಟವನು, ಅವನು ಯಜಮಾನರ ಮಗಳ ಮದುವೆಗೆ ಬಾಳೆಲೆ ಕಳಿಸಿದವನು. ಯಜಮಾನರು ಕುಳಂದೈವೇಲು, ಬಂದವರಿಗೆ ಕಾಫಿ ಬರುವುದರೊಳಗೆ ಮಾತು ಕೊಟ್ಟುಬಿಡುವ ಮನುಷ್ಯ. ಕೊಡುವುದು ಅವರು, ಉಳಿಸುವುದು ದೈವಾನೈಯಮ್ಮ.

ಆ ಮಾತುಗಳಲ್ಲೆಲ್ಲ ಘೋರವಾದದ್ದು ಉಡುಮಲೈಯದು. ಉಡುಮಲೈ ಬಜಾರಿನಲ್ಲಿ ಸೆನ್ನಿಯಪ್ಪನ್ ಅಂಗಡಿಗೆ ಎದುರಾಗಿ ತಿರುಮೂರ್ತಿಯ ಅಂಗಡಿ. ತಿರುಮೂರ್ತಿ ಮದುವೆಯಾದದ್ದು ಸೆನ್ನಿಯಪ್ಪನ ತಂಗಿಯನ್ನು. ಯಾವುದೋ ಸೀಮಂತದಲ್ಲಿ ಯಾರಿಗೋ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದರೆಂದು ಶುರುವಾದ ಜಗಳ ವ್ಯಾಪಾರಕ್ಕೂ ಹಬ್ಬಿತ್ತು. ಒಂದು ದಿನ ಸೆನ್ನಿಯಪ್ಪನ್ ಬಂದು, "ಅವನಿಗೆ ಕೊಡೋದಕ್ಕಿಂತ ಹತ್ತು ರೂಪಾಯಿ ಕಮ್ಮಿಗೆ ನಂಗೆ ಕೊಡ್ಬೇಕು, ಕೊನೇವರೆಗೂ" ಎಂದರು. ಯಜಮಾನರು ಮಾತು ಕೊಟ್ಟರು. ಮರುವಾರ ತಿರುಮೂರ್ತಿ ಬಂದು ಅದನ್ನೇ ಕೇಳಿದರು. ಯಜಮಾನರು ಅವರಿಗೂ ಮಾತು ಕೊಟ್ಟರು.

ದೈವಾನೈಯಮ್ಮ ಎದೆಗುಂದಲಿಲ್ಲ. ಒಬ್ಬರ ಬಿಲ್ಲಿನಲ್ಲಿ ಗ್ರೈಂಡರಿನ ಬೆಲೆಯಲ್ಲೇ ಹತ್ತು ರೂಪಾಯಿ ಕಡಿಮೆ ಮಾಡಿದರು. ಇನ್ನೊಬ್ಬರ ಬಿಲ್ಲಿನಲ್ಲಿ ಲಾರಿ ಬಾಡಿಗೆಯಲ್ಲಿ ಹತ್ತು ರೂಪಾಯಿ ಇಳಿಸಿದರು. ಗೆಲುವು ಎಲ್ಲಿ ಕಾಣುತ್ತದೋ ಅಲ್ಲಷ್ಟೇ ನೋಡುವುದು ಗಂಡಸರ ಗುಣ ಎಂದು ಅವರಿಗೆ ಗೊತ್ತಿತ್ತು. ಹನ್ನೊಂದು ವರ್ಷ ಇಬ್ಬರೂ ಗೆದ್ದುಕೊಂಡೇ ಇದ್ದರು.

ಆಮೇಲೆ ಯಜಮಾನರು ಮೊಮ್ಮಕ್ಕಳನ್ನು ಆಡಿಸುತ್ತ ಮನೆಯಲ್ಲಿ ಕೂತರು. ಸೊಸೆ ಮಿತ್ರಾ ಕಂಪನಿಗೆ ಬಂದಳು, ಜೊತೆಗೆ ಹೊಸ ಸಾಫ್ಟ್‌ವೇರೂ ಬಂತು. ಹುಡುಗಿ ಕೆಟ್ಟವಳಲ್ಲ, ಬುದ್ಧಿವಂತೆ. ಆದರೆ ಆ ಯಂತ್ರಕ್ಕೆ ಲಾರಿ ಬಾಡಿಗೆ, ಗ್ರೈಂಡರಿನ ಬೆಲೆ ಎಂದು ಬೇರೆ ಬೇರೆ ಇಲ್ಲ, ಎಲ್ಲ ಸೇರಿ ಒಂದೇ ಬೆಲೆ. ಪಟ್ಟಿಗಿಂತ ಕಡಿಮೆಗೆ ಕೊಡಬೇಕಿದ್ದರೆ ಯಾರಿಗೆ, ಎಷ್ಟು, ಯಾವ ಲೆಕ್ಕದಲ್ಲಿ ಎಂದು ಅದಕ್ಕೆ ವಿನಾಯಿತಿ ಬರೆದುಕೊಡಬೇಕು.

"ಇದ್ದದ್ದನ್ನ ಇದ್ದ ಹಾಗೆ ಬರೀರಿ ಅಕ್ಕಾ" ಎಂದಳು ಮಿತ್ರಾ.

"ಇದ್ದ ಹಾಗೇನಾ?"

"ಇದ್ದ ಹಾಗೇ."

ದೈವಾನೈಯಮ್ಮ ಹಟಕ್ಕೆ ಬಿದ್ದು ಇದ್ದ ಹಾಗೇ ಬರೆದರು. ಸೆನ್ನಿಯಪ್ಪನ್: ತಿರುಮೂರ್ತಿಯ ಬೆಲೆಗಿಂತ ಹತ್ತು ಕಡಿಮೆ. ತಿರುಮೂರ್ತಿ: ಸೆನ್ನಿಯಪ್ಪನ ಬೆಲೆಗಿಂತ ಹತ್ತು ಕಡಿಮೆ. ಯಂತ್ರ ಚಕಾರವೆತ್ತದೆ ಒಪ್ಪಿಕೊಂಡಿತು.

ಸೆನ್ನಿಯಪ್ಪನಿಗೆ ಒಂದು ಬಿಲ್ಲಾದರೆ ತಿರುಮೂರ್ತಿಯ ಬೆಲೆ ಅದಕ್ಕಿಂತ ಹತ್ತು ಇಳಿಯಿತು. ತಿರುಮೂರ್ತಿಗೆ ಬಿಲ್ಲಾದರೆ ಸೆನ್ನಿಯಪ್ಪನ ಬೆಲೆ ಇನ್ನೂ ಹತ್ತು ಇಳಿಯಿತು. ಬಾವಿಗೆ ಬಿಟ್ಟ ಕೊಡದಂತೆ ಬೆಲೆ ಇಳಿಯಿತು, ಇಳಿಯಿತು, ತಳ ಮುಟ್ಟುವ ಲಕ್ಷಣವೇ ಇಲ್ಲ. ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಎದುರಿನವನನ್ನು ನೆಲಕಚ್ಚಿಸಿದೆನೆಂದು ಇಬ್ಬರಿಗೂ ಒಳಗೊಳಗೇ ಹಬ್ಬ. ಲಾರಿಗಟ್ಟಲೆ ತರಿಸಿದರು. ಉಡುಮಲೈಯಲ್ಲಿ ಆ ತಿಂಗಳು ಇಡ್ಲಿ ತಿನ್ನುವ ಬಾಯಿಗಳಿಗಿಂತ ರುಬ್ಬುವ ಕಲ್ಲುಗಳೇ ಹೆಚ್ಚಾದವು.

ಕಲ್ಲಿನ ಅಸಲಿಗಿಂತ ಗ್ರೈಂಡರ್ ಅಗ್ಗವಾದ ದಿನ ಮಿತ್ರಾ ಓಡಿಬಂದಳು.

"ಅಕ್ಕಾ, ಇದನ್ನ ಬರೆದೋರು ಯಾರು?"

"ನಾನೇ. ಇದ್ದ ಹಾಗೆ ಬರೀರಿ ಅಂದೋರು ಯಾರು?"

"ಇಬ್ಬರಿಗೂ ಇನ್ನೊಬ್ಬರಿಗಿಂತ ಕಮ್ಮಿ ಅಂದ್ರೆ ಹೇಗಕ್ಕಾ? ಲೋಕದಲ್ಲಿ ಎಲ್ಲಾದ್ರೂ ಉಂಟಾ?"

"ಉಡುಮಲೈಯಲ್ಲುಂಟು. ನಿಮ್ಮ ಮಾವನ್ನ ಕೇಳಿ."

"ಮಾವ ಏನೋ ಬಾಯಿಮಾತಿಗೆ ಅಂದಿರ್ತಾರೆ. ಎರಡನ್ನೂ ಅಳಿಸಿ. ಇಬ್ಬರಿಗೂ ಒಂದೇ ಬೆಲೆ."

ಕನ್ನಡಕ ಕೆಳಗಿಳಿಯಿತು. ಪ್ಯಾಕಿಂಗಿನವರು ಸುತ್ತಿಗೆ ನಿಲ್ಲಿಸಿದರು.

"ಅಮ್ಮುಣಿ," ಎಂದರು ದೈವಾನೈಯಮ್ಮ, ನಮ್ಮೂರಲ್ಲಿ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. "ಲೆಕ್ಕ ತಪ್ಪಿದ್ರೆ ತಪ್ಪು ನಂದು, ಬೈರಿ. ಆದ್ರೆ ಯಜಮಾನರು ಕೊಟ್ಟ ಮಾತನ್ನ ಈ ಬೆರಳಲ್ಲಿ ಅಳಿಸಲ್ಲ. ಅಳಿಸೋ ಹಾಗಿದ್ರೆ ನನ್ನ ಕುರ್ಚೀನೂ ಎತ್ತಿಸಿ ಹೊರಗಿಡಿ."

"ಬೆದರಿಸ್ತೀರಾ?"

"ಇಲ್ಲ. ಕುರ್ಚಿಯ ಕಾಲೊಂದು ಅಲ್ಲಾಡುತ್ತೆ, ಎತ್ತುವಾಗ ಹುಷಾರು ಅಂತ ಹೇಳಿದೆ."

ಮಿತ್ರಾ ಎರಡೂ ವಿನಾಯಿತಿಗಳನ್ನು ತಡೆಹಿಡಿದು ಉಡುಮಲೈಗೆ ಫೋನು ಮಾಡಿದಳು. ಮರುದಿನವೇ ಇಬ್ಬರೂ ಬಂದಿಳಿದರು, ಬೇರೆ ಬೇರೆ ಕಾರಿನಲ್ಲಿ, ಒಂದೇ ಬಣ್ಣದ ಸಿಟ್ಟಿನಲ್ಲಿ. ಬೆಂಚಿನ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತರು. ಇನ್ನು ಮುಂದೆ ಇಬ್ಬರಿಗೂ ಒಂದೇ ಬೆಲೆ ಎಂದು ಮಿತ್ರಾ ಮೃದುವಾಗಿ ಹೇಳಿದಳು. ಇಬ್ಬರೂ ಒಟ್ಟಿಗೇ ಎದ್ದರು. ಆ ಸೀಮಂತದ ನಂತರ ಭಾವ ಭಾವಮೈದುನರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

"ಬೇರೆ ಕಂಪನಿ ಇಲ್ವೇನಮ್ಮ ಈ ಊರಲ್ಲಿ?" ಎಂದರು ಸೆನ್ನಿಯಪ್ಪನ್.

"ಅದೇ ನಾನೂ ಹೇಳ್ಬೇಕಂತಿದ್ದೆ" ಎಂದರು ತಿರುಮೂರ್ತಿ, ಗೋಡೆಯ ಕಡೆ ನೋಡಿ.

"ಕೂತ್ಕೊಳ್ಳಿ ಇಬ್ರೂ!" ದೈವಾನೈಯಮ್ಮನ ದನಿಗೆ ಫ್ಯಾನೂ ತಡವರಿಸಿದಂತಾಯಿತು. "ಅಣ್ಣಾ, ನಿಮಗೆ ಅವರಿಗಿಂತ ಹತ್ತು ಕಮ್ಮಿ ಅಂತ ಯಜಮಾನರು ಮಾತು ಕೊಟ್ಟಿದ್ರು. ಆ ಅಣ್ಣನಿಗೆ ನಿಮಗಿಂತ ಹತ್ತು ಕಮ್ಮಿ ಅಂತಾನೂ ಕೊಟ್ಟಿದ್ರು. ಇಷ್ಟು ವರ್ಷ ಎರಡನ್ನೂ ಕಾಪಾಡಿದ್ದು ನಾನು. ಒಬ್ಬರಿಗೆ ಗ್ರೈಂಡರಲ್ಲಿ, ಒಬ್ಬರಿಗೆ ಬಾಡಿಗೆಯಲ್ಲಿ."

ಇಬ್ಬರೂ ಪೆಚ್ಚಾಗಿ ಕೂತರು.

"ಅಂದ್ರೆ ನಾನು ಗೆದ್ದೇ ಇಲ್ವಾ?" ಎಂದರು ಸೆನ್ನಿಯಪ್ಪನ್.

"ಗೆದ್ರಿ. ಅವರೂ ಗೆದ್ರು. ಕಲ್ಲಿನ ಬೆಲೆಗಿಂತ ಕಮ್ಮಿಗೆ ಬಂದಾಗ ಒಬ್ರಾದ್ರೂ ಬಾಯಿ ಬಿಟ್ರಾ? ಅನ್ನ ಹಾಕಿದ ಕಂಪನಿ ಮುಳುಗ್ತಿದ್ರೂ ಎದುರು ಅಂಗಡಿ ನೋಡ್ಕೊಂಡು ಮೀಸೆ ತಿರುವ್ತಿದ್ರಿ!"

ಸೆನ್ನಿಯಪ್ಪನ್ ಮೀಸೆಯಿಂದ ಕೈ ತೆಗೆದರು.

"ಮಾತು ಮಾತೇ. ಇಬ್ಬರಿಗೂ ಹತ್ತು ಕಮ್ಮಿ. ಆದ್ರೆ ಒಂದೇ ದಿನ ಅಲ್ಲ. ಚಿತ್ತಿರೈ ತಿಂಗಳು ಒಬ್ರಿಗೆ, ವೈಕಾಸಿ ಇನ್ನೊಬ್ರಿಗೆ, ಹೀಗೇ ವರ್ಷಪೂರ್ತಿ. ಅಮ್ಮುಣಿ, ಈ ನಿಮ್ಮ ಪೆಟ್ಟಿಗೆ ತಿಂಗಳು ಕೇಳುತ್ತಾ?"

"ತಾರೀಖು ಕೇಳುತ್ತಕ್ಕಾ. ಶುರುವಾಗೋದು, ಮುಗಿಯೋದು, ಎರಡೂ ಹಾಕಬಹುದು." ಮಿತ್ರಾ ಆಗಲೇ ಕುರ್ಚಿ ಎಳೆದುಕೊಂಡಿದ್ದಳು.

"ಆಡಿ ತಿಂಗಳು ನಂಗೆ ಬೇಡ!" ಎಂದು ಇಬ್ಬರೂ ಏಕಕಾಲಕ್ಕೆ ಕೂಗಿದರು. ಆಡಿಯೆಂದರೆ ಆಷಾಢ, ಆಗ ಹೊಸ ಗ್ರೈಂಡರನ್ನು ಯಾರು ಮನೆಗೆ ತರುತ್ತಾರೆ?

"ಆಡಿ ಸೆನ್ನಿಯಪ್ಪಣ್ಣನಿಗೆ. ಮಾರ್ಗಳಿ ಧನುರ್ಮಾಸ, ಆಗ್ಲೂ ಯಾರೂ ಕೊಳ್ಳಲ್ಲ, ಅದು ತಿರುಮೂರ್ತಿ ಅಣ್ಣನಿಗೆ. ಸಮ ಆಯ್ತಲ್ಲ? ಒಪ್ಪಿಗೆ ಇಲ್ದಿದ್ರೆ ಗೋಡೆ ಮೇಲಿನ ಪಟ್ಟಿ ಇದೆ, ಓದ್ಕೊಂಡು ಹೋಗಿ."

ಇಬ್ಬರೂ ಗೋಡೆಯ ಪಟ್ಟಿಯನ್ನು ಓದಿದರು. ಒಪ್ಪಿದರು. ಮಿತ್ರಾ ಟೈಪು ಮಾಡುತ್ತಾ ಹೋಗಿ ಒಂದು ಕಡೆ ನಿಂತಳು.

"ಒಟ್ಟು ಏರ್ಪಾಡು ಯಾವತ್ತು ಮುಗಿಯುತ್ತೆ ಅಂತ ಕೇಳ್ತಿದೆ ಅಕ್ಕಾ. ಒಂದು ವರ್ಷ ಅಂತ ಹಾಕ್ಲಾ?"

"ಕೊನೇವರೆಗೂ ಅಂತ ಮಾತು. ಅದು ತಗೊಳ್ಳೋ ಕಟ್ಟಕಡೇ ತಾರೀಖು ಯಾವುದು?"

"ಡಿಸೆಂಬರ್ ಮೂವತ್ತೊಂದು, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ."

"ಹಾಕಿ."

"ಅಲ್ಲೀವರೆಗೆ ಯಾರಿರ್ತಾರಕ್ಕಾ!"

"ಯಾರಿದ್ರೂ ಬಿಟ್ರೂ ಬಿಲ್ಲು ಹೀಗೇ ಆಗ್ಬೇಕು. ಹಾಕಿ ಅಂದೆ."

ಮಿತ್ರಾ ಅವರ ಮುಖವನ್ನೊಮ್ಮೆ ನೋಡಿ, ನಗು ತಡೆದುಕೊಂಡು, ಹಾಕಿದಳು. ಕುರ್ಚಿ ಇದ್ದಲ್ಲೇ ಇತ್ತು. ದೈವಾನೈಯಮ್ಮ ಅದರ ಮೇಲೆ ಸಾಮ್ರಾಜ್ಞಿಯಂತೆ ಹಿಂದಕ್ಕೊರಗಿ ಎರಡು ಕಾಫಿಗೆ ಹೇಳಿದರು.

ಬೆರಳೆಣಿಸುತ್ತ ಕೂತಿದ್ದ ಸೆನ್ನಿಯಪ್ಪನ್ ತಟ್ಟನೆ ಎದ್ದು ನಿಂತರು. "ತಡೀರಿ ಅಮ್ಮುಣಿ! ಡಿಸೆಂಬರ್ ಮೂವತ್ತೊಂದು ಮಾರ್ಗಳಿಯಲ್ಲಿ ಬರುತ್ತೆ. ಅಂದ್ರೆ ಕಟ್ಟಕಡೇ ದಿನ ಅವನಿಗೆ ಕಮ್ಮಿ, ನಂಗೆ ಜಾಸ್ತಿ! ಇನ್ನೊಂದು ಹದಿನೈದು ದಿನ ಮುಂದೆ ಹಾಕಿ, ನನ್ನ ತೈ ತಿಂಗಳು ಹುಟ್ಟಲಿ."

"ಹಾಕಬಾರದು! ಬರೆದದ್ದು ಬರೆದಾಯ್ತು" ಎಂದು ತಿರುಮೂರ್ತಿ ಮೇಜು ಗುದ್ದಿದರು.

ದೈವಾನೈಯಮ್ಮ ಮತ್ತೆ ಕನ್ನಡಕಕ್ಕೆ ಕೈ ಹಾಕಿದರು.